ಹೊಲಕ್ಕೆ ಒಗ್ಗದ ಮೈ

ನಾಯಂಡಹಳ್ಳಿಯ ಹಿಂದೆ, ಮೈಸೂರು ರಸ್ತೆಯ ಲಾರಿಗಳ ಸದ್ದು ತುಸು ತಗ್ಗುವ ಕಡೆ, ಬೈರಯ್ಯನಿಗೆ ಬದುವಿನ ಮೇಲೊಂದು ಕೆಳಗೊಂದು ಎಂದು ಎರಡು ಎಕರೆ ರಾಗಿ ಹೊಲವಿತ್ತು. ಸುತ್ತಲಿದ್ದ ಹೊಲಗಳೆಲ್ಲ ಒಂದೊಂದಾಗಿ ಯಾವುದೋ ಸೊಸೈಟಿಯವರ ಲೇಔಟಿಗೆ ಸೇರಿಹೋಗಿದ್ದವು. ಕಲ್ಲು ನೆಟ್ಟು, ನಂಬರು ಬರೆದು, ಹೊಸದಾಗಿ ಟಾರು ರಸ್ತೆಯನ್ನೂ ಹಾಕಿ ಹೋಗಿದ್ದರು. ಸೈಟು ಕೊಂಡವರಲ್ಲಿ ಮನೆ ಕಟ್ಟಿದವರು ಇಲ್ಲವೆನ್ನುವಷ್ಟು ಕಡಿಮೆ. ಆ ಖಾಲಿ ಸೈಟುಗಳ ತುಂಬ ಮಳೆ ಬಂದರೂ ಬರದಿದ್ದರೂ ಎದೆಯೆತ್ತರ ಬೆಳೆಯುತ್ತಿದ್ದದ್ದು ಕಾಂಗ್ರೆಸ್ ಗಿಡ. ತುದಿಯಲ್ಲೆಲ್ಲ ಬಿಳಿ ಟೋಪಿ ಇಟ್ಟ ಹಾಗೆ ಸಣ್ಣ ಹೂ ಬಿಡುವುದರಿಂದ ಜನ ಅದಕ್ಕೆ ಆ ಹೆಸರು ಕೊಟ್ಟಿದ್ದರು.

ಬೈರಯ್ಯ ಹುಡುಗನಾಗಿದ್ದಾಗ ಈ ಸೀಮೆಯಲ್ಲಿ ಆ ಗಿಡ ಇರಲಿಲ್ಲ. ಅರವತ್ತಾರರ ಬರದಲ್ಲಿ ಅಮೆರಿಕದಿಂದ ಹಡಗಿನಲ್ಲಿ ಬಂದ ಕೆಂಪು ಗೋಧಿಯನ್ನು ರೇಷನ್ ಡಿಪೋ ಮುಂದೆ ಸಾಲು ನಿಂತು ತಂದು ತಿಂದದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ಆ ಗೋಧಿಯೊಳಗೇ ಬೆರೆತು ಇದರ ಬೀಜವೂ ಬಂತು ಅಂತ ಊರಲ್ಲಿ ಮಾತು. ನಿಜವೋ ಸುಳ್ಳೋ ಕಂಡವರಿಲ್ಲ. ಮೊದಲು ರೈಲ್ವೆ ಹಳಿಯ ಪಕ್ಕ ಕಾಣಿಸಿಕೊಂಡಿತು, ಆಮೇಲೆ ರಸ್ತೆಯಂಚಿಗೆ ಬಂತು, ಹೊಲ ಪಾಳು ಬಿದ್ದಲ್ಲೆಲ್ಲ ಬಂದು ಕೂತಿತು.

ಎಂಬತ್ತೇಳರಲ್ಲಿ ಮಳೆ ಕೈಕೊಟ್ಟಿತು. ರಾಗಿ ಪೈರು ಗೇಣುದ್ದಕ್ಕೇ ಸುಟ್ಟುಹೋಯಿತು. ಹಸಿರಾಗಿ ಉಳಿದದ್ದು ಸೈಟುಗಳ ಗಿಡ ಮಾತ್ರ. ಆ ವರ್ಷವೇ ಬೈರಯ್ಯನ ಕತ್ತಿನ ಹಿಂದೆ ಮೊದಲು ನವೆ ಶುರುವಾದದ್ದು. ಬೆವರುಗುಳ್ಳೆ ಅಂದುಕೊಂಡ. ಹೆಂಡತಿ ಅಂಜನಮ್ಮ ಬೇವಿನೆಣ್ಣೆ ಹಚ್ಚಿದಳು. ಚಳಿಗಾಲಕ್ಕೆ ತಗ್ಗಿತು, ಇಬ್ಬರೂ ಮರೆತರು.

ಮರುವರ್ಷ ಮಳೆ ಚೆನ್ನಾಗಿ ಹಿಡಿಯಿತು. ಹೊತ್ತಿಗೆ ಸರಿಯಾಗಿ ಕೂರಿಗೆ ಹೂಡಿ ಬಿತ್ತಿದ. ಪೈರು ಹಾಸಿಗೆ ಹಾಸಿದ ಹಾಗೆ ಎದ್ದಿತು. ಅದರ ನಡುವೆ, ಅದಕ್ಕಿಂತ ಜೋರಾಗಿ, ಕಾಂಗ್ರೆಸ್ ಗಿಡವೂ ಎದ್ದಿತು. ಸಾಲಿನ ಕಳೆಗೆ ಕುಂಟೆ ಹೊಡೆಯುವ ಹೊತ್ತಿಗೆ ಬೈರಯ್ಯನ ಮುಖ ಊದಿಕೊಂಡು ಕಣ್ಣು ಬಿಡಲು ಬರದಂತಾಯಿತು. ಕಿವಿಯ ಹಿಂದೆ ನೀರು ಜಿನುಗುತ್ತಿತ್ತು. ಮೊಣಕೈ ಮಡಿಕೆಯ ಚರ್ಮ ಹುಣಸೆ ಮರದ ತೊಗಟೆಯಂತೆ ಒಡೆದಿತ್ತು. ಹಗಲಲ್ಲಿ ಬಿಸಿಲು ತಾಕಿದರೆ ಉರಿ, ಮಲಗಿದರೆ ನವೆ. ಕೆರೆದು ಕೆರೆದು ಬೆಳಗಾಗುವಷ್ಟರಲ್ಲಿ ಮೈ ಸೋತು, ಎತ್ತಿಗೆ ನೀರು ತೋರಿಸುವುದಕ್ಕೂ ತ್ರಾಣ ಇರುತ್ತಿರಲಿಲ್ಲ.

ಅಂಜನಮ್ಮ ಅವನ ಮುಖಕ್ಕೆ ಟವಲು ಮುಚ್ಚಿ ಬಸ್ಸು ಹತ್ತಿಸಿಕೊಂಡು ದೊಡ್ಡಾಸ್ಪತ್ರೆಗೆ ಕರೆದೊಯ್ದಳು. ಚರ್ಮದ ಡಾಕ್ಟರಮ್ಮ ಪರೀಕ್ಷೆಗೆಂದು ಆ ಗಿಡದ ಎಲೆಯನ್ನೇ ಅರೆದು ಬೆನ್ನಿಗೆ ಅಂಟಿಸಿ ಕಳಿಸಿದರು. ಮತ್ತೆ ಹೋಗಿ ತೋರಿಸಿದಾಗ ಅಂಟಿಸಿದ್ದ ಜಾಗ ಬೆಂದ ಹಾಗೆ ಕೆಂಪಾಗಿತ್ತು.

"ಮುಲಾಮು ಕೊಡ್ತೀನಿ, ಸ್ವಲ್ಪ ತಗ್ಗುತ್ತೆ," ಅಂದರು ಡಾಕ್ಟರಮ್ಮ. "ಆದ್ರೆ ಆ ಗಿಡದ ಧೂಳು ತಾಕಿದ್ರೆ ಮತ್ತೆ ಬರುತ್ತೆ. ಅದು ಇಲ್ಲದಿರೋ ಕಡೆ ಹೋಗಿ ಇರಿ."

"ಇಲ್ಲದಿರೋ ಕಡೆ ಎಲ್ಲೈತೆ ತಾಯಿ?"

"ಸಿಟಿ ಒಳಗೆ, ಮನೆಗಳು ಒತ್ತೊತ್ತಾಗಿರೋ ಕಡೆ. ನಿಮ್ಮೋರು ಯಾರಾದ್ರೂ ಇದಾರಾ?"

"ಈಗ ಕಳೆ ತೆಗೆಯೋ ಕಾಲ ತಾಯಿ."

"ಬೇರೆ ಯಾರಾದ್ರೂ ತೆಗೀಲಿ," ಎಂದು ಅವರು ಚೀಟಿ ಬರೆದುಕೊಟ್ಟರು. ಅವನ ಹಿಂದೆ ಸಾಲು ಬಾಗಿಲು ದಾಟಿ ವರಾಂಡದವರೆಗೆ ಹೋಗಿತ್ತು.

ಬೇರೆ ಯಾರೂ ಇರಲಿಲ್ಲ. ಒಬ್ಬಳೇ ಮಗಳು ಮದುವೆಯಾಗಿ ತಾವರೆಕೆರೆಗೆ ಹೋಗಿದ್ದಳು. ಕೆಂಗೇರಿ ಕಡೆಯಿಂದ ಕೂಲಿಗೆ ಬಂದ ಹೆಂಗಸರು ಎರಡು ದಿನ ಕಳೆ ಕಿತ್ತು, "ಕೈಯುರಿ ತಡೆಯಕ್ಕಾಗಲ್ಲ ಅಕ್ಕ," ಎಂದು ಮೂರನೆಯ ದಿನ ಬರಲಿಲ್ಲ. ಅಂಜನಮ್ಮ ಗಂಡನ ಹಳೇ ತುಂಬುತೋಳಿನ ಶರಟು ಸೀರೆಯ ಮೇಲೆ ಹಾಕಿಕೊಂಡು ಒಬ್ಬಳೇ ಹೊಲಕ್ಕೆ ಇಳಿದಳು. ಅವಳಿಗೆ ಆ ಗಿಡ ಏನೂ ಮಾಡುತ್ತಿರಲಿಲ್ಲ. ಯಾಕೆ ಒಬ್ಬರಿಗೆ ತಾಕುತ್ತದೆ, ಒಬ್ಬರಿಗೆ ಇಲ್ಲ ಅನ್ನುವುದನ್ನು ಡಾಕ್ಟರಮ್ಮನೂ ಹೇಳಿರಲಿಲ್ಲ. ಬೈರಯ್ಯ ಮುಲಾಮು ಬಳಿದುಕೊಂಡು, ಕಿಟಕಿಗೆ ಗೋಣಿ ಕಟ್ಟಿಕೊಂಡು, ಒದ್ದೆ ಬಟ್ಟೆ ಹೊದ್ದು ಒಳಗೆ ಕೂತಿರುತ್ತಿದ್ದ. ಸಂಜೆ ಅವಳು ಬರುವಷ್ಟರಲ್ಲಿ ಎಸರಿಟ್ಟು ಹಿಟ್ಟು ತೊಳಸುವುದನ್ನು ಕಲಿತ. ಅವನು ಕಟ್ಟಿದ ಮುದ್ದೆಯಲ್ಲಿ ಗಂಟುಗಳಿರುತ್ತಿದ್ದವು. ಅವಳು ಹಾಗೇ ನುಂಗುತ್ತಿದ್ದಳು.

ಒಂದು ಭಾನುವಾರ ಅಲ್ಲಿ ಸೈಟು ಕೊಂಡಿದ್ದ ಪುರುಷೋತ್ತಮ ಎಂಬವರು ಲೂನಾ ಮೊಪೆಡ್ಡಿನಲ್ಲಿ ಬಂದರು. ವಿಜಯನಗರದಲ್ಲಿ ಬಾಡಿಗೆ ಮನೆ, ಸರ್ಕಾರದ ದವಸದ ಗೋಡೌನಿನಲ್ಲಿ ಗುಮಾಸ್ತೆ ಕೆಲಸ. ಆಗಾಗ ಬಂದು ತಮ್ಮ ಕಲ್ಲು ಸರಿಯಾಗಿದೆಯೇ ಎಂದು ನೋಡಿ ಹೋಗುವ ಪೈಕಿ. ಕುಡಿಯಲು ನೀರು ಕೇಳಲು ಬಂದವರು ಬೈರಯ್ಯನ ಮುಖ ನೋಡಿ ಲೋಟ ಹಿಡಿದೇ ನಿಂತರು.

"ಏನಾಯ್ತು ಯಜಮಾನ್ರೇ?"

"ನಿಮ್ಮ ಸೈಟಿನಾಗಿನ ಗಿಡ ಸಾರ್. ಅದನ್ನ ಒಂದಿಷ್ಟು ಕೀಳಿಸ್ಬಿಡಿ, ಪುಣ್ಯ ಬರ್ತದೆ."

ಪುರುಷೋತ್ತಮ ಹೊರಗೆ ನೋಡಿದರು. "ನನ್ನದೊಂದು ಕಿತ್ರೆ ಏನಾಗುತ್ತೆ? ಆ ಕಡೆ ಈ ಕಡೆಯವರದು ಹಾಗೇ ಇರುತ್ತಲ್ಲ. ಸೊಸೈಟೀಲಿ ಹೇಳ್ತೀನಿ."

ಮಾತಿಗೆ ಅಂದದ್ದು ಅಂದುಕೊಂಡಿದ್ದ ಬೈರಯ್ಯ. ಆದರೆ ಮುಂದಿನ ಭಾನುವಾರ ಅವರು ಹೆಂಡತಿ ಅಂಬುಜಾ ಜೊತೆ ಬಂದರು. ಇಬ್ಬರೂ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಮಧ್ಯಾಹ್ನದವರೆಗೆ ಬಗ್ಗಿ ತಮ್ಮ ಸೈಟಿನ ಗಿಡವನ್ನೆಲ್ಲ ಕಿತ್ತು ಮೂಲೆಗೆ ಒಟ್ಟಿದರು. ಸುತ್ತಲ ಕಾಡಿನ ನಡುವೆ ಅದೊಂದು ಚೌಕ ಮಾತ್ರ ಬೋಳಾಗಿ ಕಾಣುತ್ತಿತ್ತು. ಒಂದು ಹದ ಮಳೆ ಬಿತ್ತು. ಆಮೇಲೆ ಅವರು ಬಂದು ನೋಡಿದಾಗ ಚೌಕ ಯಾವುದು ಅಂತ ಕಲ್ಲಿನ ನಂಬರು ಓದಿಯೇ ಹುಡುಕಬೇಕಾಯಿತು. ಪುರುಷೋತ್ತಮ ಬೈರಯ್ಯನ ಬಾಗಿಲ ಬಳಿ ಬಂದು ಕೂತರು.

"ಹೋದ ವರ್ಷದ ಬರಕ್ಕೆ ನಮ್ಮ ಗೋಡೌನ್ ತಳ ಕಂಡಿತ್ತು," ಎಂದರು ಏನೋ ಮಾತಾಡಬೇಕಲ್ಲ ಎಂಬಂತೆ. "ಈಗ ಮತ್ತೆ ಹೊರಗಿಂದ ಗೋಧಿ ತರಿಸ್ತಾ ಇದಾರೆ. ಇನ್ನು ತರಿಸೋ ಕಾಲ ಮುಗೀತು ಅಂತ ನಮ್ಮ ಸಾಹೇಬ್ರು ಭಾಷಣ ಮಾಡಿ ಇನ್ನೂ ಮೂರು ವರ್ಷ ಆಗಿಲ್ಲ."

"ನಮ್ಮ ಹೊಲ ಈ ಸಲ ಚೆನ್ನಾಗೈತೆ ಸಾರ್."

"ನಿಮ್ಮೊಬ್ಬರದು ಚೆನ್ನಾಗಿದ್ರೆ ಏನು ಬಂತು. ಮಿಕ್ಕ ಹೊಲಾನೆಲ್ಲ ನಾವು ಸೈಟು ಮಾಡ್ಕೊಂಡ್ಬಿಟ್ಟಿದೀವಿ," ಎಂದು ಪುರುಷೋತ್ತಮ ನಕ್ಕರು. ಆ ನಗುವಿನಲ್ಲಿ ಖುಷಿಯೇನೂ ಇರಲಿಲ್ಲ.

ಆ ವಾರ ಬೈರಯ್ಯನ ಕಣ್ಣುಗಳು ಮತ್ತೆ ಮುಚ್ಚಿಕೊಂಡವು. ಅಂಜನಮ್ಮ ಹೊಲದಿಂದ ಬಂದು ಅವನ ಕತ್ತಿಗೆ ಒದ್ದೆ ಬಟ್ಟೆ ಹಾಕಿದಳು, ಎತ್ತಿಗೆ ಹುಲ್ಲು ಹಾಕಿದಳು, ಒಲೆ ಮುಂದೆ ಬಂದು ಕೂತಳು.

"ನೀನು ರಾಜಾಜಿನಗರಕ್ಕೆ ಹೋಗು, ಅಕ್ಕಯ್ಯಮ್ಮನ ಮನೆಗೆ," ಎಂದಳು.

"ಹೊಲ?"

"ಹೊಲ ನಾನು ನೋಡ್ಕೊತೀನಿ. ನಿನ್ನೂ ಹೊಲಾನೂ ಎರಡೂ ನೋಡ್ಕೊಳಕ್ಕೆ ನನ್ನ ಕೈಲಾಗಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಬೈರಯ್ಯ ವಾದಿಸುತ್ತಿದ್ದನೇನೋ. ಬೆಳಗ್ಗೆ ಎದ್ದು ಎರಡು ಪಂಚೆ, ಮುಲಾಮಿನ ಡಬ್ಬಿ ಚೀಲಕ್ಕೆ ಹಾಕಿಕೊಂಡು ಹೊರಟ.

ಅಕ್ಕಯ್ಯಮ್ಮ ಅವನ ಸ್ವಂತ ಅಕ್ಕ. ಗಂಡ ರಾಜಾಜಿನಗರದಲ್ಲಿ ಇಟ್ಟಿದ್ದ ಹಿಟ್ಟಿನ ಗಿರಣಿಯನ್ನು, ಅವನು ತೀರಿಕೊಂಡ ಮೇಲೆ, ತಾನೇ ನಡೆಸುತ್ತಿದ್ದಳು. ಗಿರಣಿ ನೋಡಿಕೊಳ್ಳುತ್ತಿದ್ದ ಆಳು ಬಿಟ್ಟುಹೋಗಿದ್ದರಿಂದ ತಮ್ಮ ಬಂದದ್ದು ಅವಳಿಗೂ ಒಳ್ಳೆಯದೇ ಆಯಿತು. ಅವನ ಮುಖ ನೋಡಿ, "ಏನೋ ಬೈರ, ಹಿಂಗಾಗಿದೀಯಾ," ಅಂದವಳು ಗಿರಣಿಯ ಹಿಂದಿನ ಕೋಣೆಯಲ್ಲಿ ಚಾಪೆ ಹಾಕಿಕೊಟ್ಟಳು.

ಆ ಬೀದಿಯಲ್ಲಿ ಮನೆಗೆ ಮನೆ ಅಂಟಿಕೊಂಡಿತ್ತು. ಮಣ್ಣು ಕಾಣುವುದೇ ಕಷ್ಟ, ಇನ್ನು ಗಿಡವೆಲ್ಲಿಯದು. ಗೌರಿ ಹಬ್ಬದ ಹೊತ್ತಿಗೆ ಮೈ ಆರತೊಡಗಿತು. ಒಡೆದ ಚರ್ಮ ಸಿಪ್ಪೆಯಾಗಿ ಉದುರಿ ಕೆಳಗೆ ನುಣುಪಾದ ಕಪ್ಪು ಮೈ ಕಂಡಿತು. ಎಷ್ಟೋ ತಿಂಗಳ ಮೇಲೆ ಬೈರಯ್ಯ ಬೆಳಗಿನವರೆಗೆ ನಿದ್ದೆ ಮಾಡಿದ. ಎದ್ದಾಗ ಹಗುರವೆನಿಸುವ ಬದಲು, ಇಷ್ಟು ದಿನದ ಆಯಾಸವೆಲ್ಲ ಒಟ್ಟಿಗೆ ಬಂದು ಮೈಮೇಲೆ ಕೂತಂತಾಯಿತು.

ಕೆಲಸ ಕಷ್ಟದ್ದಲ್ಲ. ಜನ ಡಬ್ಬ ತಂದು ಸಾಲಾಗಿ ಇಡುತ್ತಾರೆ. ತೂಗಿ, ಮೇಲಿನ ಬಾಯಿಗೆ ಸುರಿದು, ಕೆಳಗೆ ಬಟ್ಟೆಯ ತೋಳಿನಿಂದ ಇಳಿಯುವ ಬಿಸಿ ಹಿಟ್ಟನ್ನು ಮತ್ತೆ ಅದೇ ಡಬ್ಬಕ್ಕೆ ತುಂಬಿ ಕೊಡಬೇಕು. ರಾಗಿಗೆ ಒಂದು ಕಲ್ಲು, ಗೋಧಿ ಅಕ್ಕಿಗೆ ಇನ್ನೊಂದು. ಬರಬರುತ್ತ ಬೈರಯ್ಯನ ಗಮನಕ್ಕೆ ಬಂದದ್ದೇನೆಂದರೆ, ಗೋಧಿಯ ಕಲ್ಲು ಹಗಲೆಲ್ಲ ತಿರುಗುತ್ತದೆ, ರಾಗಿಯದಕ್ಕೆ ಮಧ್ಯೆ ಮಧ್ಯೆ ಬಿಡುವು.

ಪಟಾಲಮ್ಮ ಎಂಬ ಮುದುಕಿಯೊಬ್ಬಳು ಒಂದೇ ಡಬ್ಬದಲ್ಲಿ ರಾಗಿ ಗೋಧಿ ಎರಡನ್ನೂ ಬೆರೆಸಿ ತರುತ್ತಿದ್ದಳು.

"ಇದನ್ನ ರಾಗಿ ಕಲ್ಲಿಗೇ ಹಾಕಪ್ಪ," ಎನ್ನುತ್ತಿದ್ದಳು.

"ಮುದ್ದೆ ಆಗ್ತದಾ ಅಜ್ಜಿ ಇದು?"

"ಆಗ್ತದೆ ಅಂದ್ರೆ ಆಗ್ತದೆ. ಅಂಗಡಿ ರಾಗಿ ದುಬಾರಿ, ಕೊಳ್ಳೋ ಹಾಗಿಲ್ಲ, ರೇಷನ್ನಲ್ಲಿ ಗೋಧಿ ಕೊಡ್ತಾರೆ. ನಮ್ಮನೇಲಿ ಎಂಟು ಬಾಯಿ."

"ನಿಮ್ಮದು ಯಾವೂರು?"

"ಇದೇ ಊರು. ಈ ರೋಡು ಇರೋ ಜಾಗದಲ್ಲೇ ನಮ್ಮ ಮಾವನ ಹೊಲ ಇತ್ತು."

ಅವಳು ಹೋದ ಮೇಲೆ ಬೈರಯ್ಯ ಅಕ್ಕನಿಗೆ ಆ ಮಾತು ಹೇಳಿದ. ಅಕ್ಕಯ್ಯಮ್ಮ ಜರಡಿ ಕೊಡವುತ್ತಾ, "ಸುಳ್ಳಲ್ಲ ಕಣೋ. ನಾನು ಮದುವೆಯಾಗಿ ಬಂದಾಗ ನೀರಿಗೆ ಹೋಗ್ಬೇಕಾದ್ರೆ ರಾಗಿ ಹೊಲದ ಬದು ಹಿಡ್ಕೊಂಡೇ ಹೋಗ್ಬೇಕಿತ್ತು. ಈಗ ಕಾಳು ಎಲ್ಲಿಂದ ಬಂದಿದ್ದು ಅಂತ ಯಾರು ಕೇಳ್ತಾರೆ. ಬಂದ್ರೆ ಸಾಕು," ಎಂದಳು.

ಅಂಜನಮ್ಮ ಆಗೊಮ್ಮೆ ಈಗೊಮ್ಮೆ ಸೊಪ್ಪಿನ ಕಟ್ಟು ಹಿಡಿದು ಬಂದು ಹೋಗುತ್ತಿದ್ದಳು. ಬಂದಾಗಲೆಲ್ಲ ಮೊದಲು ಅವನ ಕತ್ತು ತಿರುಗಿಸಿ ನೋಡುವಳು. ಅವಳ ಕೆನ್ನೆ ಒಳಗೆ ಹೋಗಿತ್ತು, ಬೆರಳ ಸಂದು ಕಪ್ಪಾಗಿತ್ತು.

"ಪೈರು ಹೆಂಗೈತೆ?" ಅವನು ಕೇಳುತ್ತಿದ್ದ.

"ತೆನೆ ಕಟ್ತಾ ಐತೆ."

"ಕೆಳಗಿನ ಹೊಲ?"

"ಅದೂ ಐತೆ."

ಅವನು ಬಂದು ನೋಡುತ್ತೇನೆಂದರೆ ಬೇಡವೆನ್ನುವಳು. ಮೈ ವಾಸಿಯಾಗಲಿ, ಈಗ ಬಂದರೆ ಮತ್ತೆ ಮೊದಲಿಂದ ಶುರು. ಅವನಿಗೂ ಒಳಗೊಳಗೆ ಹೋಗಲು ಹೆದರಿಕೆ. ಆ ಉರಿಯನ್ನು ನೆನೆದರೆ ಹೊಲದ ಆಸೆಯೂ ಹಿಂದೆ ಸರಿಯುತ್ತಿತ್ತು. ಹೆಂಡತಿಯನ್ನು ಬಸ್ಸು ಹತ್ತಿಸಿ ಬಂದು ಗಿರಣಿಯ ಮೋಟಾರು ಹಾಕುವಾಗ ಅವನಿಗೆ ತನ್ನ ಬಗ್ಗೆ ನಾಚಿಕೆಯಾಗುತ್ತಿತ್ತು.

ದಸರೆ ಕಳೆದ ಮೇಲೆ ಒಂದು ಮಧ್ಯಾಹ್ನ ಅವಳು ಬಂದು ಗೋಧಿ ಮೂಟೆಯ ಮೇಲೆ ಕೂತಳು. ಸೊಪ್ಪು ತಂದಿರಲಿಲ್ಲ.

"ಆ ಗಿಡಾನ ಹುಳ ತಿಂತಾವೆ," ಎಂದಳು.

"ಯಾವ ಹುಳ?"

"ಗೊತ್ತಿಲ್ಲ. ಸಣ್ಣವು, ರೆಕ್ಕೆ ಇರೋವು. ಸೈಟುಗಳೆಲ್ಲ ಬೋಳು ಬೋಳಾಗವೆ. ನೀನು ಬಂದು ನೋಡು. ರಾಗೀನೂ ಕೊಯ್ಲಿಗೆ ಬತ್ತೈತೆ."

ಮರುದಿನ ಬೈರಯ್ಯ ಅವಳ ಜೊತೆ ಬಸ್ಸಿಳಿದು ನಡೆದ. ಟವಲು ಮುಖಕ್ಕೆ ಬಿಗಿಯಾಗಿ ಸುತ್ತಿಕೊಂಡಿದ್ದ. ಅವಳು ಹೇಳಿದ್ದು ನಿಜವಾಗಿತ್ತು. ಎದೆಯೆತ್ತರದ ಹಸಿರು ಇದ್ದ ಕಡೆ ಒಣಗಿದ ಕಡ್ಡಿಗಳು ನಿಂತಿದ್ದವು. ಅಳಿದುಳಿದ ಎಲೆಗಳಿಗೆ ಕೆನೆ ಬಣ್ಣದ ಬೆನ್ನಿನ ಮೇಲೆ ಕಂದು ಗೀರಿದ್ದ ಪುಟ್ಟ ಹುಳಗಳು ಮುತ್ತಿಕೊಂಡಿದ್ದವು. ಹತ್ತಿರ ಹೋದರೆ ತಿನ್ನುವ ಸದ್ದು ಕೇಳೀತು ಅನ್ನುವಷ್ಟು. ಬೈರಯ್ಯನಿಗೆ ಸಂತೋಷಕ್ಕಿಂತ ಮೊದಲು ಬಂದದ್ದು ಭಯ. ಒಂದು ಹುಳ ಹಿಡಿದು ತಂದು ತನ್ನ ರಾಗಿ ತೆನೆಯ ಮೇಲೆ ಬಿಟ್ಟ. ಅದು ತೆನೆಯ ಬೆರಳುಗಳ ಮೇಲೆ ಅತ್ತಿತ್ತ ಹರಿದಾಡಿ ಹಾರಿಹೋಯಿತು. ಇನ್ನೊಂದನ್ನು ಬಿಟ್ಟ. ಅದೂ ಹಾರಿತು.

ಮೇಲಿನ ಎಕರೆ ಸೊಗಸಾಗಿತ್ತು. ತೆನೆ ಮುಷ್ಟಿ ಕಟ್ಟಿದ ಹಾಗೆ ಒಳಕ್ಕೆ ಬಾಗಿ, ಸಾಲಿನಲ್ಲಿ ಅವರೆ ಹೂ ಬಿಟ್ಟಿತ್ತು. ಬದು ದಾಟಿ ಕೆಳಗಿನ ಹೊಲಕ್ಕೆ ಇಳಿದವನು ಅಲ್ಲೇ ನಿಂತ. ಅದು ಸೈಟುಗಳಂತೆಯೇ ಇತ್ತು. ಬದುವಿನಿಂದ ಬದುವಿಗೆ ಕಾಂಗ್ರೆಸ್ ಗಿಡದ ಒಣ ಕಡ್ಡಿ. ಅದರ ಬುಡದಲ್ಲಿ ಬಿಸಿಲು ಕಾಣದೆ ಸೊರಗಿದ ರಾಗಿ ಪೈರು, ತೆನೆಯಿಲ್ಲದೆ, ದಾರದ ಹಾಗೆ.

"ಐತೆ ಅಂದಿದ್ದೆ," ಎಂದ.

"ಐತಲ್ಲ. ನೋಡು." ಅಂಜನಮ್ಮ ಬದುವಿನ ಮೇಲೆ ಕೂತಳು. "ಎರಡೂ ಕೀಳಕ್ಕೆ ಆಗ್ಲಿಲ್ಲ. ಈ ಕಡೆ ಕಿತ್ತು ಆ ಕಡೆ ಹೋಗೋ ಹೊತ್ತಿಗೆ ಇಲ್ಲಿ ಮತ್ತೆ ಎದ್ದಿರೋದು. ಒಂದು ದಿನ ಇಲ್ಲೇ ಕೂತು ಅತ್ತೆ. ಆಮೇಲೆ ಮೇಲಿಂದಾದ್ರೂ ಉಳೀಲಿ ಅಂತ ಇದನ್ನ ಬಿಟ್ಟೆ. ನಿನಗೆ ಹೇಳಿದ್ರೆ ನೀನು ಬತ್ತಿದ್ದೆ."

ಬೈರಯ್ಯ ಸಿಟ್ಟು ಮಾಡಿಕೊಳ್ಳಲು ನೋಡಿದ. ಅದಕ್ಕೆ ಬೇಕಾದ ಕಸುವು ಅವನಲ್ಲಿರಲಿಲ್ಲ. ಅವಳ ಪಕ್ಕದಲ್ಲಿ ಕೂತ. ಟವಲಿನೊಳಗೆ ಕತ್ತು ನಿಧಾನವಾಗಿ ಚುರುಗುಟ್ಟತೊಡಗಿತ್ತು.

ಆ ಭಾನುವಾರ ಪುರುಷೋತ್ತಮ ಬಂದರು. ಹುಳದ ವಿಷಯ ಪೇಪರಿನಲ್ಲಿ ಓದಿದ್ದರು.

"ಮೆಕ್ಸಿಕೋ ದೇಶದಿಂದ ತರಿಸಿ ಬಿಟ್ಟಿದಾರಂತೆ. ಈ ಗಿಡದ ಮೂಲವೂ ಅಲ್ಲೀದೇ ಅಂತೆ."

"ಎಲ್ಲಿಂದಾದ್ರೂ ಬರ್ಲಿ ಬಿಡಿ ಸಾರ್," ಎಂದಳು ಅಂಜನಮ್ಮ.

"ಗಿಡ ಮುಗಿದ ಮೇಲೆ ಅವು ಏನ್ ತಿಂತಾವೆ?" ಬೈರಯ್ಯ ಕೇಳಿದ.

"ಬೇರೇನೂ ತಿನ್ನಲ್ವಂತೆ."

"ಅಂತೆ," ಎಂದ ಬೈರಯ್ಯ. ಪುರುಷೋತ್ತಮರಿಗೂ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ.

ಕೊಯ್ಲಿಗೆ ಅವನು ನಿಂತ. ಹಿಂದಿನಷ್ಟು ಉರಿಯಿಲ್ಲದಿದ್ದರೂ ಒಣ ಕಡ್ಡಿಯ ಧೂಳಿಗೇ ಮೊಣಕೈ ಮತ್ತೆ ಒಡೆಯಿತು. ಅಂಜನಮ್ಮ ಬೈದಳು, ಅವನು ಕುಡುಗೋಲು ಬಿಡಲಿಲ್ಲ. ಸೊಸೈಟಿಯವರ ಖಾಲಿ ಟಾರು ರಸ್ತೆಯ ಮೇಲೆಯೇ ತೆನೆ ಹರಡಿ, ಎತ್ತು ಕಟ್ಟಿ ಕಲ್ಲಿನ ಗುಂಡು ಉರುಳಿಸಿ ಕಾಳು ಬಿಡಿಸಿದರು. ಬೀಜಕ್ಕೆ ತೆಗೆದಿಟ್ಟು ಉಳಿದದ್ದು ಹಿಂದಿನ ವರ್ಷಗಳ ಅರ್ಧಕ್ಕಿಂತ ಕಡಿಮೆ ಇತ್ತು. ಮಗಳ ಮನೆಗೆ ಪ್ರತಿ ವರ್ಷ ಹೋಗುತ್ತಿದ್ದ ಮೂಟೆ ಆ ಸಲ ಹೋಗಲಿಲ್ಲ. ಬೇಸಿಗೆ ಮುಗಿಯುವ ಮೊದಲೇ ರಾಗಿ ತುಂಬಿಡುವ ಗುಡಾಣ ಬರಿದಾಯಿತು. ಅಂಜನಮ್ಮ ರೇಷನ್ ಅಂಗಡಿಯಿಂದ ಗೋಧಿ ತಂದು ರೊಟ್ಟಿ ತಟ್ಟಿದಳು. ಕೊಯ್ಲಾದ ಮೇಲೆ ಮತ್ತೆ ಸೋಮವಾರದಿಂದ ಶನಿವಾರದವರೆಗೆ ಅಕ್ಕನ ಗಿರಣಿಯಲ್ಲಿರುತ್ತಿದ್ದ ಬೈರಯ್ಯ ಭಾನುವಾರ ಬಂದು ಅದನ್ನೇ ತಿಂದ.

ಆ ಬೇಸಿಗೆಯಲ್ಲಿ ಸೊಸೈಟಿಯ ಕಡೆಯವನೊಬ್ಬ ಕೆಳಗಿನ ಹೊಲವನ್ನು ಕೇಳಿಕೊಂಡು ಬಂದ.

"ಕೊಟ್ಟುಬಿಡೋಣ," ಎಂದ ಬೈರಯ್ಯ, ಅವನು ಹೋದ ಮೇಲೆ. "ಹೆಂಗೂ ಅದು ಹೋಯ್ತು."

"ಕೊಟ್ರೆ ಸೈಟಾಗ್ತದೆ. ಸೈಟಾದ್ರೆ ಕಲ್ಲು ನೆಟ್ಟು ಹೋಗ್ತಾರೆ. ಆಮೇಲೆ ಮೇಲಿನ ಹೊಲದ ಬದುವಿಗೇ ಬಂದು ಕೂರ್ತದೆ ಆ ಗಿಡ."

"ಮತ್ತೇನು ಮಾಡ್ತೀಯ?"

"ಹುರುಳಿ ಚೆಲ್ಲೋಣ, ಒತ್ತಾಗಿ. ಜಾಗ ಸಿಗದಿದ್ರೆ ಆ ಗಿಡ ಏಳೋದು ಕಡ್ಮೆ ಆಗ್ಬಹುದು. ಆಗ್ದಿದ್ರೆ ಹುರುಳೀನ ಎತ್ತು ಮೇಯ್ತವೆ." ಅವಳು ಎದ್ದು ಪಾತ್ರೆ ಎತ್ತಿದಳು. "ನಿನಗೆ ಕೊಡ್ಬೇಕು ಅನ್ಸಿದ್ರೆ ಕೊಡು. ನನಗೆ ಇನ್ನೊಂದು ವರ್ಷ ನೋಡೋಣ ಅನ್ಸುತ್ತೆ."

ಅವನು ಕೊಡಲಿಲ್ಲ.

ಎಂಬತ್ತೊಂಬತ್ತರ ಮುಂಗಾರಿಗೆ ಗಿಡ ಮತ್ತೆ ಎಲ್ಲ ಕಡೆ ಮೊಳೆಯಿತು. ನೆಲದೊಳಗಿಂದ ಹುಳವೂ ಎದ್ದು ಬಂತು, ಆದರೆ ಗಿಡದಷ್ಟು ಬೇಗ ಅಲ್ಲ. ಗಿಡ ಹೂ ಬಿಡುವುದಕ್ಕೆ ಮೊದಲು ಬಿತ್ತನೆ ಮುಗಿಸಿಬಿಡಬೇಕೆಂದು ಬೈರಯ್ಯ ಅಕ್ಕನಿಗೆ ಹೇಳಿ ಒಂದು ವಾರ ಬಂದ. ಮೇಲಿನ ಹೊಲಕ್ಕೆ ಅವನು ಕೂರಿಗೆ ಹಿಡಿದ, ಅಂಜನಮ್ಮ ಬೀಜ ಬಿಟ್ಟಳು. ಕೆಳಗಿನ ಹೊಲಕ್ಕೆ ಇಬ್ಬರೂ ಹುರುಳಿ ಚೆಲ್ಲಿದರು. ಮುಗಿದ ದಿನ ಅವನು ಕೆರೆಯ ನೀರಿನಲ್ಲಿ ಮೈ ತೊಳೆದು, ಬೇರೆ ಬಟ್ಟೆ ಹಾಕಿ, ಚೀಲ ಹಿಡಿದ. ಅವಳು ಮೈಸೂರು ರಸ್ತೆಯವರೆಗೂ ಬಂದಳು.

"ಕಳೆ ಕೀಳೋ ಹೊತ್ತಿಗೆ ಕೂಲಿಯೋರನ್ನ ಕೇಳು. ಒಬ್ಬಳೇ ಬಗ್ಗಬೇಡ," ಎಂದ.

"ಕೇಳ್ತೀನಿ. ಬಂದ್ರೆ ಬತ್ತಾರೆ."

"ಈ ಸಲ ಹೆಂಗೈತೋ ಹಂಗೆ ಹೇಳು."

"ಹೇಳ್ತೀನಿ," ಎಂದಳು ಅಂಜನಮ್ಮ. ಬಸ್ಸು ಬಂತು. ಕೂರಲು ಜಾಗವಿರಲಿಲ್ಲ. ಬೈರಯ್ಯ ಕಂಬಿ ಹಿಡಿದು ನಿಂತು, ಬಗ್ಗಿ ಕಿಟಕಿಯಿಂದ ನೋಡುವಷ್ಟರಲ್ಲಿ ಅವಳು ಆಗಲೇ ತಿರುಗಿ ಹೊಲದ ಕಡೆ ನಡೆಯುತ್ತಿದ್ದಳು.